ಬಿಟ್ಟುಹೋದ ನೆಲ, ಬಿಡಿಸಿಕೊಂಡ ನೆಲ

ತೆಲಂಗಾಣದ ಜಹೀರಾಬಾದ್ ಕೈಗಾರಿಕಾ ಪ್ರದೇಶಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಕೊಟ್ಟ ಲೆಕ್ಕ ಹೀಗಿತ್ತು: 3,245 ಎಕರೆ, 2,361 ಕೋಟಿ ರೂಪಾಯಿ ವೆಚ್ಚ, 1.74 ಲಕ್ಷ ಜನರಿಗೆ ಕೆಲಸ. ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳ 12,635 ಎಕರೆಗೆ ಹಾಕಿದ ದೊಡ್ಡ ಯೋಜನೆಯ ಮೊದಲ ಕಂತು ಇದು. 1956ರ ತನಕ ಬೀದರ್ ಜಿಲ್ಲೆಗೆ ಸೇರಿದ್ದ, ಇಂದಿಗೂ ಎಷ್ಟೋ ಮನೆಗಳಲ್ಲಿ ಕನ್ನಡವನ್ನೇ ಆಡುವ ಸೀಮೆ. ಇಲ್ಲಿ ಮೊದಲು ಜಾಗ ಪಡೆದವರ ಪೈಕಿ ಸೇನೆಗೆ ಆಯುಧ ವ್ಯವಸ್ಥೆಗಳನ್ನು ತಯಾರಿಸುವ ವೆಮ್ ಟೆಕ್ನಾಲಜೀಸ್ ಒಂದು. ಎಲ್ಗೋಯಿ ಗ್ರಾಮದಲ್ಲಿ ಅದಕ್ಕೆ 511 ಎಕರೆ. ಅತ್ತ ತಾಂಡೂರು ಸೇರಿರುವ ವಿಕಾರಾಬಾದ್ ಜಿಲ್ಲೆಯಲ್ಲಿ, ದಾಮಗುಂಡಂ ಕಾಡಿನ ಸುಮಾರು 2,900 ಎಕರೆ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಹೋಯಿತು. ಹೀಗೆ ಹೊಲವೂ ಕಾಡೂ ಸೇನೆಯ ಕೆಲಸಕ್ಕೆ ಸಲ್ಲುತ್ತಿರುವ ಹೊತ್ತಿನಲ್ಲಿ, ಸೇನೆ ಬಿಟ್ಟುಹೋದ ನೆಲ ಕೈಗಾರಿಕಾ ಪಾರ್ಕ್ ಆದ ಊರುಗಳಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ಫಿಲಿಪ್ಪೀನ್ಸ್‌ನ ಸುಬಿಕ್ ಕೊಲ್ಲಿಯಲ್ಲಿ ಅಮೆರಿಕದ ನೌಕಾನೆಲೆಯಿತ್ತು. 1992ರ ನವೆಂಬರ್‌ನಲ್ಲಿ ಅದು ತೆರವಾದಾಗ ನೆಲೆಯನ್ನೇ ನಂಬಿಕೊಂಡಿದ್ದ ಸಾವಿರಾರು ಸ್ಥಳೀಯರ ಕೆಲಸ ಹೋಯಿತು. ಅದಕ್ಕೆ ಕೆಲವೇ ತಿಂಗಳು ಮುಂಚೆ ಅಲ್ಲಿನ ಸಂಸತ್ತು ಕಾನೂನು ಮಾಡಿ, ನೆಲೆಯ ಆಸ್ತಿಯನ್ನು ನೋಡಿಕೊಳ್ಳಲು ಪ್ರತ್ಯೇಕ ಪ್ರಾಧಿಕಾರ ರಚಿಸಿತ್ತು. ಕಟ್ಟಡ, ಯಂತ್ರ ಲೂಟಿಯಾಗದಂತೆ ಕಾವಲು ನಿಂತವರು ಊರಿನ ಸುಮಾರು 8,000 ಸ್ವಯಂಸೇವಕರು. 1995ರಲ್ಲಿ ಫೆಡೆಕ್ಸ್ ತನ್ನ ಏಷ್ಯಾದ ಸರಕು ವಿಮಾನ ಕೇಂದ್ರವನ್ನು ಅಲ್ಲಿಗೇ ತಂದಿತು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ 1991ರಲ್ಲಿ ಮುಚ್ಚಿದ ಪೀಸ್ ವಾಯುನೆಲೆಯ ಜಾಗದಲ್ಲಿ ಇಂದು 250ಕ್ಕೂ ಹೆಚ್ಚು ಕಂಪನಿಗಳಿವೆ. ಇವು ಗೆದ್ದದ್ದು ರನ್‌ವೇ, ಬಂದರು, ವಿದ್ಯುತ್ ಮೊದಲೇ ಇದ್ದುದರಿಂದ ಎನ್ನುವುದು ಅರ್ಧ ಮಾತು. ಉಳಿದರ್ಧ, ಅಲ್ಲಿ ಪ್ರಶ್ನೆಗಳು ಬಂದ ಕ್ರಮದಲ್ಲಿದೆ. ನೆಲ ಆಗಲೇ ಸಾರ್ವಜನಿಕರದಾಗಿತ್ತು, ಯಾರನ್ನೂ ಎಬ್ಬಿಸಬೇಕಿರಲಿಲ್ಲ. ಹಾಗಾಗಿ ಕೆಲಸ ಕಳೆದುಕೊಂಡವರಿಗೆ ಏನು ಕೆಲಸ ಎಂಬುದೇ ಮೊದಲ ಪ್ರಶ್ನೆಯಾಯಿತು. ಪಾರ್ಕ್ ಅದಕ್ಕೆ ಕೊಟ್ಟ ಉತ್ತರ.

ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. 2011ರ ರಾಷ್ಟ್ರೀಯ ಉತ್ಪಾದನಾ ನೀತಿ ಇಂಥ ದೊಡ್ಡ ಕೈಗಾರಿಕಾ ವಲಯಕ್ಕೆ ಕನಿಷ್ಠ 5,000 ಹೆಕ್ಟೇರ್, ಎಂದರೆ ಸುಮಾರು 12,350 ಎಕರೆ ಬೇಕೆಂದು ವಿಧಿಸಿತು. ಜಹೀರಾಬಾದಿನ 12,635 ಎಕರೆ ಆ ಗೆರೆಯನ್ನು ತುಸುವೇ ದಾಟುತ್ತದೆ. ಎಂದರೆ ಯಾವ ಕಾರ್ಖಾನೆಗೆ ಎಷ್ಟು ನೆಲ ಎಂಬ ಲೆಕ್ಕಕ್ಕಿಂತ ಮೊದಲೇ ಎಕರೆಯ ಅಂಕಿ ನಿಂತಿತ್ತು. ಅದೇ ನೀತಿ, ಸಾಗುವಳಿಗೆ ಒಗ್ಗದ ಬರಡು ಭೂಮಿಗೆ ಮೊದಲ ಆದ್ಯತೆ ಕೊಡಿ, ಕೃಷಿಭೂಮಿಯನ್ನು ಆದಷ್ಟು ಕಡಿಮೆ ಬಳಸಿ ಎಂದೂ ಹೇಳಿತ್ತು. ಮಳೆಯನ್ನೇ ನಂಬಿದ ಈ ಸೀಮೆಯ ಹೊಲಗಳು ಒಣಭೂಮಿಯೇನೋ ಹೌದು, ಬರಡಲ್ಲ. ಜೋಳ, ತೊಗರಿ, ಸಿರಿಧಾನ್ಯಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುವ ಬೇಸಾಯ ಇಲ್ಲಿನದು. ಮೈಸೂರು ಮೂಲದ ಪಿ.ವಿ. ಸತೀಶ್ ಪಸ್ತಾಪುರದಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದದ್ದು ಇದೇ ಬೇಸಾಯಕ್ಕೆ. ಇಂಥ ಹೊಲ ಮಾರಾಟವಾದಾಗ ಒಡೆಯನಿಗೆ ಹಣ ಬರುತ್ತದೆ, ಕೂಲಿ ಮಾಡುತ್ತಿದ್ದವರಿಗೆ ಏನೂ ಇಲ್ಲ. ರೈತರಿಂದ ನೆಲವನ್ನು ನೇರವಾಗಿ ಖರೀದಿಸಲೆಂದು ತೆಲಂಗಾಣ ಸರ್ಕಾರ ಹೊರಡಿಸಿದ್ದ 123ನೇ ಆದೇಶವನ್ನು 2016ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರದ್ದುಮಾಡಿದ್ದು, ಈ ವಲಯದ ಕೃಷಿ ಕೂಲಿಕಾರರು ಹೂಡಿದ ದಾವೆಯಲ್ಲೇ. ಯೋಜನೆ ಕೊನೆಗೆ ಕೇಳಿಕೊಳ್ಳಬೇಕೆಂದಿದ್ದ ಪ್ರಶ್ನೆಯನ್ನು ಅವರು ಮೊದಲಿಗೆ ತಂದಿಟ್ಟರು.

ನಮ್ಮ ಕಡೆ ಮುಚ್ಚಿದ ಸೇನಾ ನೆಲೆ ಎಲ್ಲಿದೆ, ಈ ಹೋಲಿಕೆ ಯಾಕೆ ಎನ್ನಬಹುದು. ನಿಜ, ಬೀದರಿನ ವಾಯುಪಡೆ ತರಬೇತಿ ಕೇಂದ್ರ ಚೆನ್ನಾಗಿಯೇ ನಡೆದಿದೆ. ರಕ್ಷಣಾ ಸಚಿವಾಲಯದ ಬಳಿ 17 ಲಕ್ಷ ಎಕರೆಗೂ ಮೀರಿ ಜಮೀನಿದ್ದರೂ ಸೇನೆ ಬಿಟ್ಟುಕೊಡುವುದು ಅಪರೂಪ. 2023ರಲ್ಲಿ ಹಿಮಾಚಲದ ಯೋಲ್ ದಂಡುಪ್ರದೇಶವನ್ನು ರದ್ದುಮಾಡಿದಾಗಲೂ ಹೊರಗೆ ಬಂದದ್ದು ನಾಗರಿಕ ವಸತಿಯ ಭಾಗ ಮಾತ್ರ. ಆದರೆ ಸರ್ಕಾರ ಒಮ್ಮೆ ಪಡೆದು, ಬಳಸಿ, ಕೈಬಿಟ್ಟ ನೆಲ ಸೇನೆಯದೇ ಆಗಿರಬೇಕೆಂದಿಲ್ಲ. ಭಾರತ ಸಿಮೆಂಟ್ ನಿಗಮದ ತಾಂಡೂರು ಘಟಕ ನಡೆಯುತ್ತಿದೆ; ಗಡಿಯಾಚೆ ಕರ್ನಾಟಕದ ಸೇಡಂ ತಾಲೂಕಿನ ಕುರ್ಕುಂಟಾದಲ್ಲಿ ಅದೇ ನಿಗಮದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತ ಮೇಲೆ ಆ ಊರಿನ ಸಾವಿರಾರು ಎಕರೆಯನ್ನು ಕೈಗಾರಿಕೆಗೆ ಬಳಸುವ ಮಾತು ಇಂದಿಗೂ ಮಾತಾಗಿಯೇ ಇದೆ. ಇಂಥ ಜಾಗ ಚದುರಿದೆ, ಒಡೆತನದ ತಕರಾರಿದೆ, ದೊಡ್ಡ ಕಾರ್ಖಾನೆಗೆ ಸಾಲದು ಎಂಬ ಅಧಿಕಾರಿಗಳ ಆಕ್ಷೇಪದಲ್ಲಿ ಹುರುಳಿದೆ. ಆದರೂ ಎರಡು ಸರ್ಕಾರಿ ಇಲಾಖೆಗಳ ನಡುವಿನ ತಕರಾರು ಬಿಡಿಸುವುದಕ್ಕಿಂತ ಸಾವಿರಾರು ರೈತರನ್ನು ಒಪ್ಪಿಸುವುದು ಸಲೀಸೆಂದು ಭಾವಿಸುವ ಆಡಳಿತಕ್ಕೆ ರೈತನ ಒಪ್ಪಿಗೆಯ ಬೆಲೆ ತಿಳಿದಿಲ್ಲ. 2024ರ ನವೆಂಬರ್‌ನಲ್ಲಿ ರೈತರ ವಿರೋಧಕ್ಕೆ ಮಣಿದು, ವಿಕಾರಾಬಾದ್ ಜಿಲ್ಲೆಯ ಲಗಚರ್ಲದಲ್ಲಿ ಔಷಧ ಉದ್ಯಮ ಯೋಜನೆಗೆಂದು ಹೊರಡಿಸಿದ್ದ ಭೂಸ್ವಾಧೀನ ಅಧಿಸೂಚನೆಯನ್ನು ತೆಲಂಗಾಣ ಹಿಂದಕ್ಕೆ ಪಡೆಯಿತು. 2025ರ ಜುಲೈನಲ್ಲಿ ದೇವನಹಳ್ಳಿಯ 1,777 ಎಕರೆಯ ಸ್ವಾಧೀನವನ್ನು ಕರ್ನಾಟಕ ಕೈಬಿಟ್ಟಿತು. ಸಲೀಸೆಂದುಕೊಂಡ ದಾರಿ ಎರಡೂ ಕಡೆ ದುಬಾರಿಯಾಯಿತು.

ಬಿಟ್ಟ ನೆಲವೆಲ್ಲ ಶುದ್ಧವೆಂದೂ ಅಲ್ಲ. ಬೆಂಕಿ ನಂದಿಸುವ ನೊರೆಯಲ್ಲಿನ ರಾಸಾಯನಿಕ ಸೇರಿದ್ದಕ್ಕೆ ಪೀಸ್‌ನ ಒಂದು ಕುಡಿಯುವ ನೀರಿನ ಬಾವಿಯನ್ನು 2014ರಲ್ಲಿ ಮುಚ್ಚಬೇಕಾಯಿತು. ಪಾರ್ಕ್ ಶುರುವಾಗಿ ಎರಡು ದಶಕ ಕಳೆದಿತ್ತು. ಸುಬಿಕ್‌ನಿಂದ ಫೆಡೆಕ್ಸ್ 2009ರಲ್ಲಿ ಚೀನಾಕ್ಕೆ ಎದ್ದು ಹೋಯಿತು. ಅಲ್ಲಿನ ದೊಡ್ಡ ಹಡಗು ಕಾರ್ಖಾನೆ 2019ರಲ್ಲಿ ದಿವಾಳಿ ಎದ್ದಿತು. ಇವು ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತವೆ. ಕಂಪನಿಗಳು ಬರುತ್ತವೆ, ಹೋಗುತ್ತವೆ. ಸುಬಿಕ್‌ನಲ್ಲಿ ಕಂಪನಿ ಹೋದ ಮೇಲೂ ನೆಲ ಪ್ರಾಧಿಕಾರದ ಕೈಯಲ್ಲಿ ಉಳಿಯಿತು, ಇನ್ನೊಬ್ಬರನ್ನು ಕರೆತರಲು ಸಾಧ್ಯವಾಯಿತು. ಹೊಲ ಕಳೆದುಕೊಂಡ ಕೂಲಿಕಾರನಿಗೆ ಅಂಥ ಎರಡನೇ ಅವಕಾಶವಿಲ್ಲ.

ಹಾಗೆಂದು ಈ ಸೀಮೆಗೆ ಕೈಗಾರಿಕೆ ಬೇಡ ಎನ್ನುವುದು ನನ್ನ ಮಾತಲ್ಲ. ಜಹೀರಾಬಾದಿನ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯೂ ತಾಂಡೂರಿನ ಸಿಮೆಂಟ್ ಕಾರ್ಖಾನೆಗಳೂ ಕೊಟ್ಟ ದುಡಿಮೆ ಕಣ್ಣಮುಂದಿದೆ. ಕೇಳಬೇಕಾದದ್ದು ಇಷ್ಟೇ: ಈಗ ಒಪ್ಪಿಗೆಯಾದ 3,245 ಎಕರೆ ಕಾರ್ಖಾನೆಗಳಿಂದ ತುಂಬುವ ತನಕ ಮುಂದಿನ ಹಂತಕ್ಕೆ ಒಂದು ಗುಂಟೆಯನ್ನೂ ಮುಟ್ಟಬಾರದು. ಮುಟ್ಟುವ ಮುನ್ನ ತೆಲಂಗಾಣ, ಕರ್ನಾಟಕ ಎರಡೂ ರಾಜ್ಯಗಳು ತಮ್ಮಲ್ಲಿ ಪಾಳುಬಿದ್ದ ಸರ್ಕಾರಿ ಜಮೀನಿನ ಪಟ್ಟಿ ಪ್ರಕಟಿಸಬೇಕು. ಪ್ರತಿ ಕಾರ್ಖಾನೆಯ ಕರಾರಿನಲ್ಲಿ ಆ ಹಳ್ಳಿಯ ಭೂಹೀನರಿಗೆ ಎಷ್ಟು ಕೆಲಸ ಎಂಬ ಅಂಕಿ ಇರಬೇಕು. 1.74 ಲಕ್ಷ ಉದ್ಯೋಗದ ಅಂದಾಜು ನಂಬಿಕೆಗೆ ಅರ್ಹವಾಗುವುದು ಅದರಲ್ಲಿ ನ್ಯಾಲ್ಕಲ್‌ನ ಕೂಲಿಕಾರರ ಪಾಲು ಎಷ್ಟೆಂದು ಬರೆದು ಕೊಟ್ಟಾಗ ಮಾತ್ರ.