ಎಂಜಿನ್ ಕೈಕೊಟ್ಟಿತು ಎನ್ನುವ ಮೊದಲು

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಕ್ಕೆ ಬಿಡುವಂತಿಲ್ಲ. ಆಗ ಕಡಲಿಗೆ ಇಳಿಯುವವರು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಯವರು. ಅಂದರೆ ವರ್ಷದ ಅತಿ ಕೆಟ್ಟ ಕಡಲಿಗೆ ಹೋಗುವುದು ಸಣ್ಣ ದೋಣಿ. ಗಂಗೊಳ್ಳಿ, ಕೋಡಿ ಬೆಂಗ್ರೆ, ತದಡಿಯಂಥ ಅಳಿವೆಗಳಲ್ಲಿ ಅಲೆ ಒಡೆಯುವ ಕಡೆ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆ ಅದನ್ನು ಮಗುಚಿ ಹಾಕಬಹುದು.

ಹಾಗೇನಾದರೂ ಆದರೆ ಮರುದಿನದ ಪೇಪರಿನಲ್ಲಿ "ಎಂಜಿನ್ ಕೆಟ್ಟು ದೋಣಿ ಮುಳುಗಿತು" ಎಂಬ ಒಂದು ಸಾಲು ಬರುತ್ತದೆ. ಯಾಕೆ ಕೆಟ್ಟಿತು ಎಂದು ಕೇಳುವವರಿಲ್ಲ. ವಿಧಿ ಅಂದುಬಿಡುತ್ತೇವೆ. ಆದರೆ ಎಂಜಿನ್ ಕೆಡುವ ಕಾರಣಗಳಲ್ಲಿ ಹೆಚ್ಚಿನವು ದಡದಲ್ಲೇ ಕಣ್ಣಿಗೆ ಬೀಳುವಂಥವು.

ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ಕಡಲ ನೀರಿನಿಂದಲೇ. ಆ ನೀರಿನ ಉಪ್ಪು ಒಳಗಿನ ದಾರಿಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ ನೀರು ಎಳೆಯುವ ತೂತು ಪೂರ್ತಿ ಮುಳುಗುವಂತೆ ಇಳಿಸಿ, ಗೇರ್ ಹಾಕದೆ ಕೆಲವು ನಿಮಿಷ ಓಡಿಸಿದರೆ ಆಯಿತು. ಪ್ರೊಪೆಲ್ಲರ್ ಹತ್ತಿರ ಕೈ ಬೇಡ. ಮುಚ್ಚಿದ ಶೆಡ್ಡಿನಲ್ಲಿಯೂ ಬೇಡ, ಹೊಗೆ ಜೀವ ತೆಗೆಯುತ್ತದೆ. ಎಂಜಿನ್ ಓಡುವಾಗ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತಿದ್ದರೆ ಕೂಡಲೇ ಬಂದ್ ಮಾಡಿ. ಒಂದೋ ಕಸ ಕಟ್ಟಿದೆ, ಇಲ್ಲವೇ ಪಂಪಿನ ರಬ್ಬರ್ ಚಕ್ರ ಹೋಗಿದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹಾಳಾಗಿ ಒಳಗೆ ನೀರು ನುಗ್ಗಿದೆ ಎಂದರ್ಥ. ಅಂಥ ಎಂಜಿನ್ ಹಿಡಿದು ಅಳಿವೆ ದಾಟಬೇಡಿ.

ಬ್ಯಾಟರಿಯ ಕಥೆ ಬೇರೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ದೋಣಿಯಲ್ಲಿಯೂ ಲೈಟ್, ಜಿಪಿಎಸ್, ವೈರ್‌ಲೆಸ್ ನಡೆಯುವುದು ಅದರಿಂದಲೇ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ವೈರ್‌ಲೆಸ್ಸೇ ನಿಮ್ಮ ದನಿ. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸುಮಾರು 12.6 ವೋಲ್ಟ್ ತೋರಿಸಬೇಕು. 12ರ ಆಸುಪಾಸಿಗೆ ಇಳಿದಿದ್ದರೆ ನಂಬಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಒಂದು ಕಿಡಿಗೆ ಸಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ ಚಾರ್ಜ್‌ಗೆ ಇಡಿ, ಹತ್ತಿರ ಬೀಡಿ ಹಚ್ಚಬೇಡಿ. ವೈರ್ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಡಿಸ್ಟಿಲ್ಡ್ ನೀರು ಬಿಟ್ಟು ಬೇರೆ ಹಾಕಬೇಡಿ. ಕಡಲ ನೀರು ಆಸಿಡ್‌ಗೆ ಸೇರಿದರೆ ವಿಷಾನಿಲ ಕ್ಲೋರಿನ್ ಹುಟ್ಟುತ್ತದೆ. ಹಾಗಾಗಿ ಬ್ಯಾಟರಿಯನ್ನು ಡಬ್ಬಿಯೊಳಗೆ, ಅಲ್ಲಾಡದಂತೆ ಕಟ್ಟಿಡಿ. ಪೆಟ್ರೋಲ್ ಕ್ಯಾನ್ ಅದರಿಂದ ದೂರ ಇರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕಟ್ಟಿ ನಿಲ್ಲುತ್ತದೆ.

ಇದೆಲ್ಲ ನಮಗೆ ಗೊತ್ತಿಲ್ಲವೇ ಎಂದು ಹಿರಿಯ ಮೀನುಗಾರರು ಕೇಳಬಹುದು. ಹೌದು, ನಿಮಗೆ ಗೊತ್ತು. ಆದರೆ ಗೊತ್ತಿದ್ದೂ ಮಾಡಲಾಗದ ಸ್ಥಿತಿ ಇದೆ. ಬೆಳಗಿನ ಜಾವ ಹೋಗಿ ಬಂದು, ಬಲೆ ಬಿಡಿಸಿ, ಮೀನು ಮಾರಿ ಸುಸ್ತಾದವನು ಎಂಜಿನ್ ತೊಳೆಯಲು ಮನೆ ಬಾವಿಯಿಂದ ನೀರು ಹೊರಬೇಕೇ? ಮೇ ತಿಂಗಳಲ್ಲಿ ಕಡಲ ಬದಿಯ ಎಷ್ಟೋ ಬಾವಿಗಳ ನೀರೇ ಉಪ್ಪು.

ಎಂಜಿನ್ ಕೊಳ್ಳಲು ಸಹಾಯಧನ ಇದೆ, ಸೀಮೆಎಣ್ಣೆಗೆ ರಿಯಾಯಿತಿ ಇದೆ. ಕೊಂಡ ಎಂಜಿನ್ ಬಾಳುವಂತೆ ನೋಡಿಕೊಳ್ಳುವುದು ಮಾತ್ರ ಮೀನುಗಾರನ ತಲೆಗೇ ಬಿಟ್ಟ ಕೆಲಸ. ನನ್ನ ಬೇಡಿಕೆ ಎರಡೇ. ನಾಡದೋಣಿ ನಿಲ್ಲುವ ಪ್ರತಿ ಕಡೆ ಪಂಚಾಯಿತಿ ಒಂದು ಸಿಹಿನೀರಿನ ನಲ್ಲಿ, ಒಂದು ಡ್ರಮ್ ಇಡಲಿ. ಪ್ರತಿ ಮೇ ಕೊನೆಯ ವಾರ ಮೀನುಗಾರರ ಸೊಸೈಟಿ ಮೆಕ್ಯಾನಿಕ್ ಕರೆಸಿ ಎಲ್ಲ ಎಂಜಿನ್, ಬ್ಯಾಟರಿ ತಪಾಸಣೆ ಮಾಡಿಸಲಿ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಜನ ಎದ್ದು ನಿಂತು ಕೇಳಿದರೆ ಸಾಕು.

ಅಲ್ಲಿಯತನಕ ಲೈಫ್ ಜಾಕೆಟ್ ಮೈಮೇಲೆ ಇರಲಿ, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗ ಕೈಗೆ ಕಟ್ಟಿರಲಿ. ಕೋಸ್ಟ್ ಗಾರ್ಡ್ ನಂಬರ್ 1554 ಮನೆಯವರ ಫೋನಿನಲ್ಲಿಯೂ ಇರಲಿ.