ಹಿತ್ತಲ ಗಿಡ ಮದ್ದಾಗುವ ಮುನ್ನ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಎರೆಮಣ್ಣಿನ, ತೊಗರಿ ಮತ್ತು ಜೋಳದ ಸೀಮೆ. ಇಲ್ಲಿ ಯಾರಿಗಾದರೂ ಹೊಟ್ಟೆಯಲ್ಲಿ ಉರಿ ಕಾಣಿಸಿಕೊಂಡಿತೆಂದರೆ ಮೊದಲ ದೂರು ಹಸಿಖಾರದ ಮೇಲೆ. ಎರಡನೆಯದು ಹೊತ್ತು ಮೀರಿದ ಊಟದ ಮೇಲೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದರೆ ಪರೀಕ್ಷೆಯ ಚಿಂತೆಗೂ ಒಂದು ಪಾಲು ಸಲ್ಲುತ್ತದೆ. ವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ನಂಬಿದ್ದರು. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಯೂರಲಾರದು, ಆದ್ದರಿಂದ ಅಲ್ಸರ್ ಎಂಬುದು ಆಮ್ಲ ಹೆಚ್ಚಾದುದರ ಫಲ ಎಂಬುದು ಅವರ ತರ್ಕವಾಗಿತ್ತು.

ಈ ತರ್ಕವನ್ನು ಮುರಿದವರು ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್. ರೋಗಿಗಳ ಜಠರದ ಒಳಪೊರೆಯಲ್ಲಿ ಕಂಡ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಲು ಅವರು ಎಷ್ಟೋ ಸಲ ಸೋತಿದ್ದರು. ಎರಡು ದಿನ ಕಾದು, ಏನೂ ಕಾಣದೆ, ತಟ್ಟೆಗಳನ್ನು ಬಿಸಾಡುವುದು ವಾಡಿಕೆಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದಾಗ ಬ್ಯಾಕ್ಟೀರಿಯಾ ಬೆಳೆದಿತ್ತು! ಅದೇ ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾಗಿದೆ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತಕ್ಕೆ ಗುರಿಯಾಗಿ, ತಮ್ಮ ವಾದಕ್ಕೆ ತಮ್ಮ ದೇಹವನ್ನೇ ಸಾಕ್ಷಿಯಾಗಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆಮ್ಲದಲ್ಲಿ ಈ ಜೀವಿ ಬದುಕುವ ಬಗೆ ಸೋಜಿಗದ್ದು. ಅದು ಯೂರಿಯೇಸ್ ಎಂಬ ಕಿಣ್ವದಿಂದ ಜಠರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಅಮೋನಿಯಾ ಕ್ಷಾರ, ಸುತ್ತಲಿನ ಆಮ್ಲವನ್ನು ಅದು ತಗ್ಗಿಸುತ್ತದೆ. ಬಳಿಕ ಬ್ಯಾಕ್ಟೀರಿಯಾ ಜಠರದ ಲೋಳೆಪದರದೊಳಕ್ಕೆ ತೂರಿ ಅಡಗುತ್ತದೆ. ಇದು ಹೊಕ್ಕವರಿಗೆಲ್ಲ ಹುಣ್ಣಾಗುವುದಿಲ್ಲ. ಬಹುಪಾಲು ಜನರಿಗೆ ಅದರ ಅರಿವೇ ಇರುವುದಿಲ್ಲ. ಆದರೆ ಕೆಲವರಲ್ಲಿ ಹುಣ್ಣು, ಅದರಿಂದ ರಕ್ತಸ್ರಾವ, ಇನ್ನು ಕೆಲವರಲ್ಲಿ ಕಾಲಾನಂತರ ಜಠರದ ಕ್ಯಾನ್ಸರ್ ಕೂಡ ತಲೆದೋರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿತು.

ಇದಕ್ಕೆ ಚಿಕಿತ್ಸೆ ಇದೆ. ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಎರಡು ಅಥವಾ ಹೆಚ್ಚು ಜೀವಿರೋಧಕಗಳನ್ನು ಸಾಮಾನ್ಯವಾಗಿ ಎರಡು ವಾರ ಕೊಡುತ್ತಾರೆ. ತೊಂದರೆ ಇರುವುದು ಬ್ಯಾಕ್ಟೀರಿಯಾ ಈ ಔಷಧಗಳಿಗೆ ಒಗ್ಗಿಹೋಗುತ್ತಿರುವುದರಲ್ಲಿ. ಕ್ಲಾರಿತ್ರೊಮೈಸಿನ್ ಔಷಧಕ್ಕೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಹೊಸ ಔಷಧ ತುರ್ತಾಗಿ ಬೇಕಾಗಿರುವ ಬ್ಯಾಕ್ಟೀರಿಯಾಗಳ ಪಟ್ಟಿಗೆ ಸೇರಿಸಿತು. ಹೀಗಾಗಿ ವಿಜ್ಞಾನಿಗಳ ಕಣ್ಣು ಗಿಡಮೂಲಿಕೆಗಳತ್ತ ಹೊರಳಿದೆ.

ಗಿಡಮೂಲಿಕೆಯ ಪರೀಕ್ಷೆ ಆರಂಭವಾಗುವುದು ಪ್ರಯೋಗಾಲಯದಲ್ಲಲ್ಲ, ಹಳ್ಳಿಯಲ್ಲಿ. ಬೇವು, ಜಾಲಿ, ತಂಗಡಿ, ಲೋಳೆಸರಗಳ ಗುಣ ಬಲ್ಲ ಹಿರಿಯರನ್ನು ಕಂಡು, ಯಾವ ಭಾಗವನ್ನು, ಯಾವ ಕಾಲದಲ್ಲಿ, ಹೇಗೆ ಬಳಸುತ್ತಾರೆ ಎಂದು ಬರೆದುಕೊಳ್ಳಬೇಕು. ಒಂದೇ ಹೆಸರು ಎರಡು ಊರುಗಳಲ್ಲಿ ಎರಡು ಗಿಡಗಳಿಗೆ ಇರಬಹುದು. ಆದ್ದರಿಂದ ಹೂ, ಎಲೆ ಸಹಿತ ಟೊಂಗೆಯನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಸಸ್ಯವಿಜ್ಞಾನಿಗಳಿಂದ ಗುರುತು ಖಚಿತಪಡಿಸಿಕೊಳ್ಳಬೇಕು. ಈ ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಬಳಿಕ ಎಲೆ ಅಥವಾ ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲೂ ಆಲ್ಕೊಹಾಲಿನಲ್ಲೂ ಬೇರೆ ಬೇರೆಯಾಗಿ ನೆನೆಸುತ್ತಾರೆ. ನೀರಿಗೆ ಇಳಿಯದ ಅಂಶ ಆಲ್ಕೊಹಾಲಿಗೆ ಇಳಿಯಬಹುದು. ಸೋಸಿ, ದ್ರವವನ್ನು ಆರಿಸಿದಾಗ ಉಳಿಯುವುದೇ ಸಸ್ಯಸಾರ. ಇತ್ತ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಪೈಲೋರಿಯನ್ನು ಹರಡಿರುತ್ತಾರೆ. ತಟ್ಟೆಯಲ್ಲಿ ಪುಟ್ಟ ಕುಳಿ ಕೊರೆದು ಸಾರ ತುಂಬುತ್ತಾರೆ. ಮತ್ತೊಂದು ಕುಳಿಗೆ ಗೊತ್ತಿರುವ ಔಷಧ, ಮಗದೊಂದಕ್ಕೆ ಸಾರವಿಲ್ಲದ ಬರೀ ದ್ರಾವಕ. ಈ ಕೊನೆಯ ಕುಳಿ ಇಲ್ಲದಿದ್ದರೆ ಬ್ಯಾಕ್ಟೀರಿಯಾವನ್ನು ಕೊಂದದ್ದು ಗಿಡವೋ ಆಲ್ಕೊಹಾಲೋ ತಿಳಿಯದು. ತಟ್ಟೆಯನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಆಮ್ಲಜನಕ ತೀರ ಕಡಿಮೆ ಇರುವ ಪೆಟ್ಟಿಗೆಯಲ್ಲಿ ಹಲವು ದಿನ ಇಡಬೇಕು. ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಬಳೆ ಮೂಡಿದರೆ ಸಾರದಲ್ಲಿ ಏನೋ ಇದೆ ಎಂದರ್ಥ. ಆ ಬಳೆಯ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಬಳೆ ಮೂಡಿದೊಡನೆ ಔಷಧ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಎಷ್ಟು ಕಡಿಮೆ ಸಾರ ಸಾಕಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅಳಲೆಕಾಯಿಯ ಸಾರ ಪೈಲೋರಿಯನ್ನು ತಡೆಯುತ್ತದೆಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದಕ್ಕೆ ಬೇಕಾದದ್ದು ಲೀಟರಿಗೆ 125 ಮಿಲಿಗ್ರಾಂ. ಕ್ಲಾರಿತ್ರೊಮೈಸಿನ್‌ಗೆ ಬಗ್ಗುವ ತಳಿಯಾದರೆ ಆ ಔಷಧ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಸಾಕು. ಸಾರದಲ್ಲಿ ಹತ್ತಾರು ರಾಸಾಯನಿಕಗಳು ಬೆರೆತಿರುವುದರಿಂದ ಈ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಸಾಗಬೇಕಾದ ದಾರಿ ಎಷ್ಟು ದೂರವೆಂಬುದನ್ನು ಅದು ತಿಳಿಸುತ್ತದೆ.

ತಟ್ಟೆಗೂ ಹೊಟ್ಟೆಗೂ ಅಂತರವಿದೆ. ಹೊಟ್ಟೆಯಲ್ಲಿ ಆಮ್ಲವಿದೆ, ಲೋಳೆಪದರವಿದೆ; ತಿಂದದ್ದು ಕೆಲವು ಗಂಟೆಗಳಲ್ಲಿ ಮುಂದೆ ಸಾಗಿಬಿಡುತ್ತದೆ. ಬೆಳ್ಳುಳ್ಳಿಯ ಕಥೆಯೇ ಇದಕ್ಕೆ ಉದಾಹರಣೆ. ತಟ್ಟೆಯಲ್ಲಿ ಅದು ಪೈಲೋರಿಯನ್ನು ತಡೆಯಿತು. ಆದರೆ ಅಮೆರಿಕದ ವೈದ್ಯರು ಸೋಂಕಿತ ಸ್ವಯಂಸೇವಕರಿಗೆ ಹಸಿ ಬೆಳ್ಳುಳ್ಳಿಯನ್ನೂ ಮೆಣಸಿನಕಾಯಿಯನ್ನೂ ಊಟದಲ್ಲಿ ಕೊಟ್ಟು ನೋಡಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡೂ ಆ ಬ್ಯಾಕ್ಟೀರಿಯಾವನ್ನು ಕದಲಿಸಲಿಲ್ಲ. ಜ್ಯೇಷ್ಠಮಧುವಿನ ಸಾರದ್ದು ಬೇರೆ ಕಥೆ. ಭಾರತದ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ತಿಂಗಳು ಸಾರ ಸೇವಿಸಿದವರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಇದು ಆಶಾದಾಯಕವೇ, ಆದರೆ ಉಳಿದ ಅರ್ಧದಷ್ಟು ಜನರಲ್ಲಿ ಅದು ಉಳಿದೇ ಇತ್ತು. ಅಲ್ಲದೆ ಸಂಸ್ಕರಿಸದ ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರುವುದುಂಟು. ಗಿಡದ್ದೆಂದ ಮಾತ್ರಕ್ಕೆ ನಿರಪಾಯವಲ್ಲ.

ತಂದೆತಾಯಂದಿರು ನೆನಪಿಡಬೇಕಾದ ಮಾತೊಂದಿದೆ. ಅಲ್ಸರಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆಗಳು. ಹೊಲದ ದುಡಿಮೆಯಿಂದ ಮೈಕೈ ನೊಂದಾಗ ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತಂದು ಖಾಲಿ ಹೊಟ್ಟೆಯಲ್ಲಿ ನುಂಗುವ ಅಭ್ಯಾಸ ಖಾರಕ್ಕಿಂತ ಕೆಟ್ಟದ್ದು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಷಾಯ ಕಾಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನೋವು ನಿಂತಿತೆಂದು ಅರ್ಧಕ್ಕೆ ಬಿಡಬಾರದು. ಬ್ಯಾಕ್ಟೀರಿಯಾಕ್ಕೆ ಔಷಧವನ್ನು ಎದುರಿಸಲು ಕಲಿಸುವ ಸುಲಭದ ದಾರಿ ಅದೇ.

ವಿದ್ಯಾರ್ಥಿಗಳು ಪೈಲೋರಿಯನ್ನು ಶಾಲೆಯಲ್ಲಿ ಬೆಳೆಸುವಂತಿಲ್ಲ, ಬೆಳೆಸಲೂಬಾರದು. ಆದರೆ ಪರೀಕ್ಷೆಯ ಮೊದಲ ಹೆಜ್ಜೆ ಅವರ ಕೈಯಲ್ಲೇ ಇದೆ. ಅಜ್ಜಿಗೆ ಗೊತ್ತಿರುವ ಗಿಡಗಳ ಹೆಸರು, ಬಳಕೆ ಬರೆದಿಟ್ಟು, ಎಲೆ ಹೂಗಳನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿಡಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಂಥ ತಿಳಿವಳಿಕೆ ಊರಿನ ಜೀವವೈವಿಧ್ಯ ದಾಖಲೆಯಲ್ಲಿ ಸೇರಬೇಕು. ನಾಳೆ ಅದರಿಂದ ಔಷಧ ಹುಟ್ಟಿದರೆ ಲಾಭದಲ್ಲಿ ಊರಿಗೂ ಪಾಲು ಸಲ್ಲಬೇಕು. ಮುಂದೆ ಓದಬಯಸುವವರಿಗೆ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಬೇಕಾದರೆ ನಂಬಿಕೆಯೊಂದೇ ಸಾಲದು. ಆ ಗಿಡ ಮೊದಲು ತಟ್ಟೆಯಲ್ಲೂ ಆಮೇಲೆ ಹೊಟ್ಟೆಯಲ್ಲೂ ಪಾಸಾಗಬೇಕು.