ಗೋವಿನಜೋಳದ ಸೈನಿಕ ಹುಳುವಿಗೆ ಶಿಲೀಂಧ್ರ ಪೀಡೆನಾಶಕ: ಪೊಟ್ಟಣದೊಳಗಿನ ಜೀವವೇ ಮುಖ್ಯ

ಅಮೆರಿಕ ಮೂಲದ ಫಾಲ್ ಸೈನಿಕ ಹುಳುವು 2016ರಲ್ಲಿ ಆಫ್ರಿಕಾ ಖಂಡದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಹೊಲಗಳಲ್ಲಿ ಪತ್ತೆಯಾಯಿತು. ಭಾರತದಲ್ಲಿ ಇದರ ಪ್ರಥಮ ವರದಿ ನಮ್ಮ ರಾಜ್ಯದ್ದೇ ಆಗಿರುತ್ತದೆ. ಮುಂಡಗೋಡ ತಾಲ್ಲೂಕಿನ ಇಂದೂರ ಭಾಗದಂತೆ ಗೋವಿನಜೋಳವನ್ನು ಮಳೆಯಾಶ್ರಯದಲ್ಲಿ ಬೆಳೆಯುವ ಪ್ರದೇಶಗಳಿಗೆ ಈ ಪೀಡೆಯು ಅಂದಿನಿಂದ ಪ್ರತಿ ಮುಂಗಾರಿನ ಚಿಂತೆಯಾಗಿದೆ. ಹುಳುವು ಸುಳಿಯೊಳಗೆ ಅಡಗಿ ತನ್ನ ಹಿಕ್ಕೆಯಿಂದಲೇ ಮರೆಮಾಡಿಕೊಳ್ಳುವುದರಿಂದ ಮೇಲಿನಿಂದ ಸಿಂಪಡಿಸಿದ ರಾಸಾಯನಿಕವು ಅದನ್ನು ಸುಲಭವಾಗಿ ತಲುಪುವುದಿಲ್ಲ.

ಮಳೆಗಾಲದಲ್ಲಿ ಎಲೆಯ ಮೇಲೆ ಸೆಟೆದು, ಮೊದಲು ಬಿಳಿಯಾಗಿ ನಂತರ ತಿಳಿಹಸಿರಾಗಿ ಸತ್ತಿರುವ ಹುಳುಗಳನ್ನು ಅನೇಕ ರೈತ ಬಾಂಧವರು ಕಂಡಿರಬಹುದು. ಇದು ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರದ ಕಾರ್ಯ. ನೊಮುರಿಯಾ ರಿಲೇಯಿ ಎಂಬುದು ಇದರ ಹಳೆಯ ಹೆಸರು. ಬೀಜಕಣವು ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಹುಳು ಅದನ್ನು ತಿನ್ನಬೇಕೆಂದಿಲ್ಲ. ರೇಷ್ಮೆ ಬೆಳೆಗಾರರು ಬಲ್ಲ ಸುಣ್ಣಕಟ್ಟು ರೋಗವೂ ಇಂತಹದೇ ಶಿಲೀಂಧ್ರದಿಂದ ಬರುವಂತಹುದು. ಆದುದರಿಂದ ಹಿಪ್ಪುನೇರಳೆ ತೋಟದ ಸಮೀಪ ಇದರ ಬಳಕೆ ತರವಲ್ಲ.

ಶಿಲೀಂಧ್ರವು ಹೊಲದಲ್ಲಿ ಉಚಿತವಾಗಿ ದೊರೆಯುತ್ತಿದ್ದರೂ ಅದನ್ನು ಪೊಟ್ಟಣಕ್ಕೆ ತುಂಬುವುದು ಸುಲಭವಲ್ಲ. ಈ ಪ್ರಭೇದವು ಬೀಜಕಣ ಕಟ್ಟಲು ಮಾಲ್ಟೋಸ್ ಸಕ್ಕರೆಯನ್ನು ಬಯಸುತ್ತದೆ. ಅಕ್ಕಿಯ ಕಾಳಿನ ಮೇಲೆ ಬೆಳೆಸುವ ವಿಧಾನವು ರೂಢಿಯಲ್ಲಿದೆ. ಬೀಜಕಣಗಳು ನೀರನ್ನು ದೂಡುವ ಸ್ವಭಾವದವು, ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗನೆ ಸಾಯುವಂತಹವು. ಎಣ್ಣೆಯಲ್ಲಿ ಬೆರೆಸಿದರೆ ಇವೆರಡೂ ತೊಡಕುಗಳು ಕಡಿಮೆಯಾಗುತ್ತವೆ. ಆಫ್ರಿಕಾದಲ್ಲಿ ಮಿಡತೆಗಳ ವಿರುದ್ಧ ಇದೇ ಕುಲದ ಮತ್ತೊಂದು ಶಿಲೀಂಧ್ರವನ್ನು ಎಣ್ಣೆಯಲ್ಲಿಯೇ ಬಳಕೆಗೆ ತರಲಾಯಿತು. ನಮ್ಮಲ್ಲಿ ಇಂದಿಗೂ ಟಾಲ್ಕ್ ಪುಡಿಯೇ ಹೆಚ್ಚು. ಪುಡಿಯು ಅಗ್ಗ, ಆದರೆ ಸರಿಯಾಗಿ ಸೋಸದಿದ್ದಲ್ಲಿ ಸಿಂಪರಣಾ ಯಂತ್ರದ ಮೂತಿಯು ಕಟ್ಟಿಕೊಳ್ಳುತ್ತದೆ.

ಒಂದು ಗ್ರಾಂ ಉತ್ಪನ್ನದಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಇಟ್ಟ ಪೊಟ್ಟಣದಲ್ಲಿ ಈ ಸಂಖ್ಯೆ ಉಳಿಯುವುದು ದುಸ್ತರ. ಕಣ್ಣಿಗೆ ಸತ್ತ ಪುಡಿಯೂ ಜೀವಂತ ಪುಡಿಯೂ ಒಂದೇ. ಹಣ ತೆತ್ತ ರೈತರು ಫಲ ಕಾಣದೆ "ಜೈವಿಕ ಔಷಧಿಯಿಂದ ಏನೂ ಆಗದು" ಎಂದು ರಾಸಾಯನಿಕಕ್ಕೆ ಮರಳಿದರೆ ಆ ತಪ್ಪು ಶಿಲೀಂಧ್ರದ್ದಲ್ಲ, ದಾಸ್ತಾನಿನದ್ದು. ಆದ್ದರಿಂದ ಖರೀದಿಸುವಾಗ ತಯಾರಿಕೆಯ ದಿನಾಂಕ ಹಾಗೂ ನೋಂದಣಿ ಸಂಖ್ಯೆಯನ್ನು ತಪ್ಪದೆ ಪರಿಶೀಲಿಸುವುದು.

ಬಿತ್ತನೆಯಾದ 15 ರಿಂದ 25 ದಿನಗಳೊಳಗೆ, ಅಕ್ಕಿಕಾಳಿನ ಮೇಲೆ ಬೆಳೆಸಿದ ಮೆಟಾರೈಜಿಯಂ ರಿಲೇಯಿಯನ್ನು ಲೀಟರ್ ನೀರಿಗೆ 3 ಗ್ರಾಂ, ಅಥವಾ ಟಾಲ್ಕ್ ರೂಪದ ಮೆಟಾರೈಜಿಯಂ ಅನಿಸೋಪ್ಲಿಯೇಯನ್ನು 5 ಗ್ರಾಂ ಪ್ರಮಾಣದಲ್ಲಿ ಬೆರೆಸಿ, ಸಂಜೆಯ ವೇಳೆ ಸುಳಿಗೆ ಬೀಳುವಂತೆ ಸಿಂಪಡಿಸತಕ್ಕದ್ದು. ಅಗತ್ಯವಿದ್ದಲ್ಲಿ 10 ದಿನಗಳ ಅಂತರದಲ್ಲಿ ಪುನರಾವರ್ತಿಸಬಹುದು. ಶಿಲೀಂಧ್ರನಾಶಕದೊಂದಿಗೆ ಎಂದಿಗೂ ಬೆರೆಸಬಾರದು. ಹುಳು ಸಾಯಲು ಹಲವು ದಿನಗಳು ಬೇಕಾಗುವುದರಿಂದ, ಮರಿಹುಳುಗಳು ಚಿಕ್ಕವಿರುವಾಗಲೇ ಈ ಕ್ರಮವನ್ನು ಕೈಗೊಳ್ಳುವುದು ಸೂಕ್ತ; ಬಲಿತ ಹುಳುಗಳು ಅಷ್ಟರೊಳಗೆ ಸುಳಿಯನ್ನು ತಿಂದು ಮುಗಿಸಿರುತ್ತವೆ.